ಐದನೇ ಹಾಡು ಓಡುತ್ತದೆ

ಕಳೆದ ಭಾನುವಾರ ತಾರಸಿಯ ತಂತಿಗೆ ಕೌದಿ ಒಣಹಾಕುತ್ತಿದ್ದಾಗ ಅದರ ಮೂಲೆಯ ತೂತಿನಿಂದ ಬಿಸಿಲು ನೇರವಾಗಿ ನನ್ನ ಕಣ್ಣಿಗೆ ಬಿತ್ತು. ಮೂಲೆಗೊಂದರಂತೆ ಒಟ್ಟು ನಾಲ್ಕು ತೂತು. ಕೆಳಗೆ ಹೋಗಿ ವರ್ನಿಯರ್ ತಂದು ಅಳೆದೆ. ಮೂರು ಮಿಲಿಮೀಟರಿಗೆ ಒಂದು ಚೂರು ಹೆಚ್ಚು. ಒಣಗಿದ ಬಟ್ಟೆ ತೆಗೆಯಲು ಬಂದಿದ್ದ ನನ್ನ ಹೆಂಡತಿ ಸುಮಾ ನೋಡಿ, "ತೂತನ್ನೂ ಅಳೀತೀರಲ್ಲ. ತೇಪೆ ಹಾಕ್ತೀನಿ ಅಂದ್ರೆ ಬಿಡಲ್ಲ," ಅಂದಳು. ಬೇಡ ಅಂದೆ. ಯಾಕೆ ಅಂತ ಅವಳು ಕೇಳಲಿಲ್ಲ. ಅವಳಿಗೆ ಗೊತ್ತು. ನಿಮಗೆ ಗೊತ್ತಿಲ್ಲವಾದ್ದರಿಂದ ಹೇಳಬೇಕು.

ನಾನು ಕೆಂಗೇರಿ ಕಡೆಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಫಿಸಿಕ್ಸ್ ಲ್ಯಾಬ್ ಇನ್‌ಸ್ಟ್ರಕ್ಟರ್. ಒಂದೇ ರೀಡಿಂಗನ್ನು ನಂಬಬೇಡಿ, ಮೂರು ತೆಗೆದು ಸರಾಸರಿ ಬರೆಯಿರಿ ಎಂದು ಹೇಳುತ್ತಲೇ ಕೂದಲು ಬೆಳ್ಳಗಾಯಿತು. ಇದೇ ವರ್ಷಗಳಲ್ಲಿ, ರಜೆಯ ದಿನಗಳಲ್ಲಿ, ಒಂದು ರಾಕ್ ಬ್ಯಾಂಡಿನಲ್ಲಿ ಡ್ರಮ್ಸ್ ಬಾರಿಸುತ್ತಿದ್ದೆ. ಈ ಎರಡನ್ನೂ ಒಟ್ಟಿಗೆ ಹೇಳಿದರೆ ಯಾರೂ ನಂಬುವುದಿಲ್ಲ. ಕಾಲೇಜಿನವರು ಡ್ರಮ್ಸ್ ನಂಬುವುದಿಲ್ಲ. ಬ್ಯಾಂಡಿಗೂ ಮೂರು ಸಾಲು ಕುರ್ಚಿ ತುಂಬುವಷ್ಟು ಅಭಿಮಾನಿಗಳಿದ್ದರು. ಅವರು ವರ್ನಿಯರ್ ನಂಬುತ್ತಿರಲಿಲ್ಲ.

ಬ್ಯಾಂಡಿನ ಹೆಸರು ಸಿಂಗಲ್ ಫೇಸ್. ಮೂವರೇ ಇದ್ದೆವು. ಹಾಡು ಮತ್ತು ಗಿಟಾರು ಶಿವು, ಬೇಸ್ ಗಿಟಾರು ಫಯಾಜ್, ಡ್ರಮ್ಸ್ ಮಂಜುನಾಥನಾದ ನಾನು. ರಾಜಾಜಿನಗರದ ಒಂದು ಗಣೇಶನ ಪೆಂಡಾಲಿನಲ್ಲಿ ಮೊದಲ ಸಲ ನಮ್ಮ ಪ್ಲಗ್ ಚುಚ್ಚಿದಾಗ ಗಣೇಶನ ತಲೆಯ ಹಿಂದಿನ ಚಕ್ರವೂ ಸೇರಿ ಎಲ್ಲವೂ ನಿಂತುಹೋಯಿತು. ಪೆಂಡಾಲಿನ ಎಲೆಕ್ಟ್ರಿಷಿಯನ್ ಏಣಿಯ ಮೇಲಿಂದಲೇ ಬೈದ: "ಇಲ್ಲಿರೋದು ಸಿಂಗಲ್ ಫೇಸ್ ಕಣ್ರೋ. ನಿಮ್ ಗಲಾಟೆಗೆ ತ್ರೀ ಫೇಸ್ ಬೇಕು." ಹೆಸರು ಅಲ್ಲೇ ಆಯಿತು. ಕರೆಂಟು ಬಂದ ಮೇಲೆ ಸಮಿತಿಯ ಹಿರಿಯರೊಬ್ಬರು ಎರಡು ಸಿನಿಮಾ ಹಾಡು ಹೇಳಿ ಅಂದರು. ಶಿವು ವಿನಯದಿಂದಲೇ, "ಸಾರ್, ಅದಕ್ಕೆ ಟೇಪ್ ರೆಕಾರ್ಡರ್ ಇದೆಯಲ್ಲ, ನಮ್ಮನ್ಯಾಕೆ ಕರೆದ್ರಿ?" ಎಂದು ಕೇಳಿದ. ಮಾರನೇ ವರ್ಷ ಅವರು ಕರೆಯಲಿಲ್ಲ. ನಮ್ಮ ಹಾಡುಗಳು ನೀರಿನ ಟ್ಯಾಂಕರಿನ ಬಗ್ಗೆ, ಮಲ್ಲತ್ತಹಳ್ಳಿ ಕೆರೆಯ ವಾಸನೆಯ ಬಗ್ಗೆ, ಮನೆ ಓನರುಗಳ ಬಗ್ಗೆ. ಇಪ್ಪತ್ತೈದು ವರ್ಷ ಹೀಗೇ ನಡೆಯಿತು. ಪ್ರತಿ ಪೆಂಡಾಲಿನವರೂ ಒಂದೇ ಸಲ ಕರೆಯುತ್ತಿದ್ದರು.

ಶಿವುವಿನ ಅವಸರ ನನಗೆ ಆರನೇ ವಯಸ್ಸಿನಿಂದ ಪರಿಚಯ. ರಾಜಾಜಿನಗರದಲ್ಲಿ ನಮ್ಮದು ಪಕ್ಕಪಕ್ಕದ ವಠಾರ. ನನ್ನ ಅಪ್ಪ ಕಾರ್ಖಾನೆಯ ನೌಕರ; ಸೈರನ್ ಕೂಗಿದ ತಕ್ಷಣ ವಾಚಿಗೆ ಕೀ ಕೊಟ್ಟು, ಮನೆಯಿಂದ ಗೇಟಿಗೆ ಇಷ್ಟೇ ಹೆಜ್ಜೆ ಎಂಬಂತೆ ನಡೆಯುತ್ತಿದ್ದರು. ನಾನೂ ಹಾಗೆಯೇ ಆದೆ. ಶಾಲೆಗೆ ಹೊರಟರೆ ನಾನು ಎಣಿಸಿಕೊಂಡು ನಡೆಯುವವ, ಶಿವು ಓಡುವವ. ಇಪ್ಪತ್ತು ಗಜ ಮುಂದೆ ಹೋಗಿ, ತಿರುಗಿ ನಿಂತು, ನನ್ನ ಹೆಜ್ಜೆಗಿಂತ ಸ್ವಲ್ಪ ವೇಗವಾಗಿ ಚಪ್ಪಾಳೆ ತಟ್ಟುತ್ತಿದ್ದ. ಆ ಚಪ್ಪಾಳೆಗೆ ಹೆಜ್ಜೆ ಹಾಕದೆ ನಡೆಯುವುದು ಎಷ್ಟು ಕಷ್ಟವೆಂದು ಬೇಕಾದರೆ ಯಾರಿಂದಲಾದರೂ ತಟ್ಟಿಸಿಕೊಂಡು ನೋಡಿ. ನಾನು ಹಲ್ಲು ಕಚ್ಚಿಕೊಂಡು ನನ್ನ ಲೆಕ್ಕದಲ್ಲೇ ನಡೆಯುತ್ತಿದ್ದೆ. ಇಬ್ಬರೂ ಪ್ರಾರ್ಥನೆಗೆ ತಡವಾಗಿ ಹೋಗಿ ಹೊರಗೆ ನಿಲ್ಲುತ್ತಿದ್ದೆವು.

ಡ್ರಮ್ಸ್ ಹಿಂದೆ ಕೂತಮೇಲೂ ಇದೇ ಜಗಳ. ಡ್ರಮ್ಮರುಗಳ ಕಿವಿಯಲ್ಲಿ ಕ್ಲಿಕ್ ಎಂದು ಒಂದಿರುತ್ತದೆ. ಹೆಡ್‌ಫೋನಿನೊಳಗೆ ಒಂದೇ ಸಮನೆ ಟಿಕ್ ಟಿಕ್ ಅನ್ನುವ ಯಂತ್ರ. ಅದನ್ನು ಹಿಡಿದುಕೊಂಡರೆ ಹಾಡು ವೇಗ ಏರಿ ಓಡುವುದೂ ಇಲ್ಲ, ಹಿಂದೆ ಬೀಳುವುದೂ ಇಲ್ಲ. ನನಗೆ ಅದು ಅಪ್ಪನ ವಾಚಿನಷ್ಟು ಹಿತ. ಶಿವುಗೆ ಕಂಡರಾಗದು.

"ನಿಂಗೆ ನನ್ ಮೇಲೆ ನಂಬಿಕೆ ಇಲ್ಲ ಕಣೋ. ಆ ಟಿಕ್ ಟಿಕ್ ಮೇಲಿದೆ."

"ಅದು ಓಡಲ್ಲ. ನೀನು ಓಡ್ತೀಯ."

"ಗಡಿಯಾರದ ಅಂಗಡಿಗೆ ಸೇರ್ಬೇಕಿತ್ತು ನೀನು."

ಈಗ ಮೊಟ್ಟೆಯ ವಿಷಯ ಹೇಳಬೇಕು. ಅದಿಲ್ಲದೆ ಕೌದಿ ಬರುವುದಿಲ್ಲ. ನಮ್ಮ ಪ್ರಾಕ್ಟೀಸು ನಡೆಯುತ್ತಿದ್ದದ್ದು ಚಂದ್ರಾ ಲೇಔಟಿನ ನಮ್ಮ ಮನೆಯ ಮೊದಲ ಮಹಡಿಯ ಕೋಣೆಯಲ್ಲಿ. ಸದ್ದು ಅಡಗಲೆಂದು ಎಲ್ಲ ಬ್ಯಾಂಡಿನವರೂ ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸುತ್ತಿದ್ದ ಕಾಲ ಅದು. ಫಯಾಜ್ ಎಲ್ಲಿಂದಲೋ ಒಂದು ಆಟೋ ತುಂಬ ಟ್ರೇ ತಂದ. ಅಮ್ಮ ಗೇಟಿನಲ್ಲೇ ಅಡ್ಡ ನಿಂತರು.

"ಖಾಲಿ ಟ್ರೇ ಆಂಟಿ. ಒಂದು ಮೊಟ್ಟೆನೂ ಇಲ್ಲ, ಅಲ್ಲಾನಾಣೆ."

"ಖಾಲಿ ಆದ್ರೇನಪ್ಪ, ಮೊಟ್ಟೆ ಕೂತಿದ್ದ ಜಾಗ ತಾನೆ?"

"ಸದ್ದು ಹೊರಗೆ ಹೋಗುತ್ತೆ ಆಂಟಿ, ಪಕ್ಕದ್ಮನೆಯೋರು ಬೈತಾರೆ."

"ಸದ್ದು ಹೊರಗೆ ಹೋದ್ರೆ ಹೋಗ್ಲಿ. ಮೊಟ್ಟೆ ಒಳಗೆ ಬರೋದು ಬೇಡ."

ಪಕ್ಕದ ಮನೆಯವರು ಬೈದರು. ಅಮ್ಮ ಕಾಂಪೌಂಡಿನ ಈಚೆ ನಿಂತು ನಮ್ಮ ಪರವಾಗಿಯೇ ವಾದಿಸಿದರು. ಅಮ್ಮ ಹೋಗಿ ಆರು ವರ್ಷವಾಯಿತು. ಆ ಕೋಣೆಗೆ ಟ್ರೇ ತರುವ ಧೈರ್ಯ ನಮ್ಮಲ್ಲಿ ಯಾರಿಗೂ ಇನ್ನೂ ಬಂದಿಲ್ಲ.

ಎರಡು ವರ್ಷದ ಹಿಂದೆ ಶಿವುವಿನ ದನಿ ಒಡೆಯತೊಡಗಿತು. ಮೊದಲು ಮೇಲಿನ ಸ್ವರಗಳು, ಆಮೇಲೆ ಮಾತೂ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ: ಆ ಒಡಕು ದನಿ ನಮಗೆ ಇಷ್ಟವಾಗುತ್ತಿತ್ತು. ರಾಕ್ ಹಾಡಿಗೆ ಹೀಗೇ ಇರಬೇಕು ಎಂದು ಫಯಾಜ್ ಹೇಳಿದ. ನಾನು ಹೌದು ಅಂದೆ. ಐದು ತಿಂಗಳು ಹೌದು ಅಂದೆ.

ಕೊನೆಗೆ ಒಂದು ಬುಧವಾರ ಡಾಕ್ಟರ ಎದುರು ಅವನ ಪಕ್ಕದಲ್ಲಿ ನಾನೂ ಕೂತಿದ್ದೆ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದಿಟ್ಟುಕೊಂಡಿದ್ದೇನೆ. "ಗಂಟಲಲ್ಲಿರೋದು ಕ್ಯಾನ್ಸರ್. ಸೋಮವಾರ ಆಪರೇಷನ್. ಧ್ವನಿಪೆಟ್ಟಿಗೆ ಪೂರ್ತಿ ತೆಗೀಬೇಕಾಗುತ್ತೆ."

"ಅಲ್ಲೀತನಕ ಹಾಡಬಹುದಾ ಡಾಕ್ಟ್ರೇ?"

ಡಾಕ್ಟರು ಫೈಲು ಮುಚ್ಚಿದರು. "ಹಾಡಿದ್ರೂ ತೆಗೀಬೇಕು, ಹಾಡದಿದ್ರೂ ತೆಗೀಬೇಕು. ಉಸಿರು ಕಟ್ಟಿದ ಹಾಗಾದ್ರೆ ಮಾತ್ರ ತಕ್ಷಣ ಬಂದುಬಿಡಿ."

ಹೊರಗೆ ಸ್ಕೂಟರಿಗೆ ಕೀ ಹಾಕಲು ಹೋದೆ. ಮೂರು ಸಲ ತಪ್ಪಿತು. ಶಿವು ನನ್ನ ಕೈಯಿಂದ ಕೀ ತೆಗೆದುಕೊಂಡ. "ಮಂಜ, ನಾಲ್ಕು ದಿನ ಇದೆ. ಎಂಟು ಹಾಡು ರೆಡಿ ಇದೆ. ದಿನಕ್ಕೆರಡು."

"ಈಗ ಅದೆಲ್ಲ ಯಾಕೆ ಮಗಾ."

"ಇನ್ನು ಯಾವಾಗ? ಸೋಮವಾರದ ಮೇಲೆ ನಾನು ಹಾಡಿದ್ರೆ ನಿಂಗೆ ಕೇಳ್ಸುತ್ತಾ?"

ಸ್ಟುಡಿಯೋಗಳು ಯಾವುವೂ ಖಾಲಿ ಇರಲಿಲ್ಲ. ಬೇಡವೇ ಬೇಡ ಅಂದ ಶಿವು. ಮೂವರೂ ಅದೇ ಕೋಣೆಯಲ್ಲಿ, ಒಟ್ಟಿಗೆ, ಒಂದೇ ಏಟಿಗೆ. ಕ್ಲಿಕ್ ಇಲ್ಲ. ಆಮೇಲೆ ತಿದ್ದುವುದಿಲ್ಲ. ಬಸವೇಶ್ವರನಗರದಲ್ಲಿ ಸಣ್ಣದೊಂದು ರೆಕಾರ್ಡಿಂಗ್ ಕೋಣೆ ಇಟ್ಟುಕೊಂಡಿದ್ದ ಮೇಘನಾ ತನ್ನ ಮೈಕುಗಳನ್ನೆಲ್ಲ ಕಾರಿಗೆ ತುಂಬಿಕೊಂಡು ಬರಲು ಒಪ್ಪಿದಳು. ಫಯಾಜ್ ಸ್ಕೂಲ್ ವ್ಯಾನ್ ಓಡಿಸುತ್ತಾನೆ. ಮಕ್ಕಳನ್ನು ಬಿಟ್ಟು ಬರುವುದರಿಂದ ಕರೆತರಲು ಹೋಗುವವರೆಗೆ, ಅಂದರೆ ಬೆಳಗಿನ ಹೊತ್ತು ಮಾತ್ರ ನಮ್ಮದು.

ಅದೇ ಹೊತ್ತು ಗಂಗವ್ವನದೂ ಆಗಿತ್ತು. ಕೆಳಗಿನ ಮನೆಯ ಮುಂದಿನ ಭಾಗವನ್ನು ನಾವು ಬಾಡಿಗೆಗೆ ಕೊಟ್ಟಿರುವುದು ಗಂಗವ್ವನಿಗೆ. ಬಾಗಲಕೋಟೆ ಕಡೆಯವರು, ಅರವತ್ತರ ಹತ್ತಿರ. ಸುತ್ತಲಿನ ಪಿಜಿ ಹಾಸ್ಟೆಲುಗಳಿಗೆ ಜೋಳದ ರೊಟ್ಟಿ ಮಾಡಿ ಕಳಿಸುತ್ತಾರೆ. ಬೆಳಿಗ್ಗೆ ಎಂಟರಿಂದ ಹನ್ನೆರಡರವರೆಗೆ ಮರದ ಹಲಗೆಯ ಮೇಲೆ ಅಂಗೈಯಿಂದ ರೊಟ್ಟಿ ಬಡಿಯುವ ಸದ್ದು, ಅದರ ಜೊತೆ ಬಳೆಯ ಸದ್ದು. ಸರಿಯಾಗಿ ನಮ್ಮ ಕೋಣೆಯ ಕೆಳಗೆ.

ನಾಲ್ಕು ದಿನ ರೊಟ್ಟಿಯ ಹೊತ್ತು ಬದಲಿಸಬಹುದೇ ಎಂದು ಕೇಳಲು ಹೋದೆ. ಯಾಕೆ ಎಂಬುದನ್ನೂ ಹೇಳಿದೆ.

"ರೊಟ್ಟಿ ನಿಂದರ್ಸಿದ್ರ ಆ ಹುಡುಗ್ರು ಹಸದು ಕುಂದರ್ತಾವ್ರಿ ಸರ. ಅದು ಆಗಂಗಿಲ್ಲ," ಅಂದರು. ಹಿಟ್ಟಿನ ಕೈಯನ್ನು ಹಾಗೇ ಹಿಡಿದುಕೊಂಡು ಸ್ವಲ್ಪ ಯೋಚಿಸಿದರು. "ಸಪ್ಪಳಕ್ಕ ಅಡ್ಡ ಏನರ ಬೇಕಂದ್ರ ಕೌದಿ ಅದಾವ, ಒಯ್ರಿ. ದಪ್ಪ ಅದಾವ."

ಹಳೆಯ ಸೀರೆ, ಧೋತರಗಳ ತುಂಡುಗಳನ್ನು ಪದರ ಪದರವಾಗಿ ಕೂಡಿಸಿ, ಒತ್ತೊತ್ತಾಗಿ ಹೊಲಿದ ನಾಲ್ಕು ಕೌದಿಗಳು. ಎರಡು ಕಿಟಕಿಗೆ ಎರಡು, ಬಾಗಿಲಿಗೊಂದು, ನನ್ನ ಬೆನ್ನ ಹಿಂದಿನ ಗೋಡೆಗೊಂದು. ಹಗ್ಗ ಕಟ್ಟಿ ನೇತುಹಾಕೋಣ ಎಂದು ನಾನು ಅಳತೆ ಹಿಡಿಯುತ್ತಿದ್ದೆ. ಅಷ್ಟರಲ್ಲಿ ಫಯಾಜ್ ಸುತ್ತಿಗೆಯಿಂದ ಮೊಳೆ ಹೊಡೆದು ಮುಗಿಸಿದ್ದ. ಆ ಸದ್ದಿಗೆ ಗಂಗವ್ವ ಮೇಲೆ ಬಂದರು. ನನ್ನ ಹಿಂದಿನ ಕೌದಿಯನ್ನು ಮುಟ್ಟಿ ನೋಡಿದರು.

"ನಮ್ಮವ್ವನ ಸೀರಿಗೆ ಮೊಳಿ ಹೊಡದ್ರಲ್ರಿ."

ಫಯಾಜ್ ಸುತ್ತಿಗೆ ಕೆಳಗಿಟ್ಟ. ಶಿವು ಕುತ್ತಿಗೆಗೆ ಟವೆಲ್ ಸುತ್ತಿಕೊಂಡು, ಕಣ್ಣು ಮುಚ್ಚಿ, ಬಿಸಿನೀರು ಕುಡಿಯುತ್ತಿದ್ದ. ಗಂಗವ್ವ ಅವನನ್ನು ನೋಡಿದರು. ಆಮೇಲೆ ಫಯಾಜನ ಕಡೆ ತಿರುಗಿ, "ಇನ್ನೊಂದೀಟು ಗಟ್ಟಿ ಹೊಡಿಯೋ ತಮ್ಮಾ, ಬಿದ್ದೀತು," ಎಂದು ಹೇಳಿ ಇಳಿದುಹೋದರು.

ಗುರುವಾರ ಎರಡು ಹಾಡು ಆಯಿತು, ಶುಕ್ರವಾರ ಎರಡು. ನಾನು ಸುಂದರವಾದ್ದೇನನ್ನೂ ಹೇಳಲಾರೆ. ಹಾಡಿನ ನಡುವೆ ಶಿವು ಕೆಮ್ಮಿದ್ದು ಹಾಗೇ ದಾಖಲಾಗಿದೆ. ಒಂದು ಕಡೆ ಗಿಟಾರಿನ ತಂತಿ ಹರಿದಿದೆ, ಅವನು ಉಳಿದ ಐದರಲ್ಲೇ ಮುಗಿಸಿದ್ದಾನೆ. ಪ್ರತಿ ಹಾಡಾದ ಮೇಲೆ ಮೇಘನಾ, "ಸಾರ್, ಸೇಫ್ಟಿಗೆ ಇನ್ನೊಂದು?" ಎನ್ನುತ್ತಿದ್ದಳು. ಶಿವು ತಲೆ ಅಲ್ಲಾಡಿಸುತ್ತಿದ್ದ.

ಐದನೇ ಹಾಡು ಶನಿವಾರ ಬೆಳಗಿನದು. ಹೆಸರು "ಖಾಲಿ ಮಾಡಲ್ಲ". ಶಿವು ವಿಜಯನಗರದಲ್ಲಿ ಬಾಡಿಗೆಗಿದ್ದಾಗ ಓನರು ಒಂದೇ ವಾರದಲ್ಲಿ ಮನೆ ಬಿಡಿ ಅಂದಿದ್ದಕ್ಕೆ ಬರೆದದ್ದು. ಬಹಳ ಮೆಲ್ಲಗೆ ಗಿಟಾರು ಮತ್ತು ದನಿ ಮಾತ್ರ ಶುರುವಾಗುತ್ತವೆ. ಒಂದು ನಿಮಿಷದ ಮೇಲೆ ನಾನು ಸೇರಬೇಕು. ಸೇರಿದೆ. ಚೆನ್ನಾಗಿ ಬಾರಿಸಿದೆ ಎಂದೇ ನನಗನ್ನಿಸಿತು. ಇಷ್ಟು ವರ್ಷಗಳಲ್ಲಿ ಯಾವತ್ತೂ ನಾನು ಅಷ್ಟು ಸಲೀಸಾಗಿ, ಕೈ ತನ್ನಷ್ಟಕ್ಕೆ ತಾನು ಹೋಗುವ ಹಾಗೆ ಬಾರಿಸಿರಲಿಲ್ಲ. ಹಾಡು ಮುಗಿದಾಗ ಶಿವು ಗೋಡೆಗೆ ಒರಗಿ ನಿಂತಿದ್ದ. ಏದುಸಿರು. ಆದರೆ ನನ್ನನ್ನು ನೋಡಿ ನಗುತ್ತಿದ್ದ, ಬಲು ತುಂಟ ನಗು. ನನಗೆ ಅರ್ಥವಾಗಲಿಲ್ಲ.

ಭಾನುವಾರ ಎಂಟೂ ಮುಗಿದವು. ಸೋಮವಾರ ಆಪರೇಷನ್ ಆಯಿತು. ಅದರ ಬಗ್ಗೆ ಒಂದೇ ವಾಕ್ಯ: ಶಿವು ಬದುಕಿದ, ಆದರೆ ಅವನ ದನಿ ಆ ಎಂಟು ಹಾಡುಗಳಲ್ಲಿ ಮಾತ್ರ ಉಳಿಯಿತು.

ಮೂರು ವಾರದ ಮೇಲೆ ಮೇಘನಾ ನನ್ನನ್ನು ಕರೆಸಿದಳು. ಆಡಿಯೋ ಕಂಪನಿಯೊಂದು ಆಲ್ಬಮ್ ಕೇಳಿ ಆಸಕ್ತಿ ತೋರಿಸಿತ್ತು.

"ಸಾರ್, ಬೇಜಾರ್ ಮಾಡ್ಕೋಬೇಡಿ. ಐದನೇದು ಓಡುತ್ತೆ."

"ನಾನಾ? ನಾನು ಓಡ್ತೀನಾ?"

ಅವಳು ಪರದೆಯ ಮೇಲೆ ತೋರಿಸಿದಳು. ಹಾಡು ನಿಮಿಷಕ್ಕೆ ಎಂಬತ್ತನಾಲ್ಕು ಬಡಿತದಲ್ಲಿ ಶುರುವಾಗಿ, ನೂರಹದಿನೇಳರಲ್ಲಿ ಮುಗಿದಿತ್ತು. ನಡಿಗೆಯಲ್ಲಿ ಹೊರಟವನು ಬಸ್ಸು ಹಿಡಿಯಲು ಓಡಿದಂತೆ. ಮೂರು ಸಲ ಅಳೆಸಿದೆ. ಮೂರು ಸಲವೂ ಅಷ್ಟೇ. ಆಮೇಲೆ ಮೇಘನಾ ನನ್ನ ಕಾಲಿನ ಬಳಿ ಇಟ್ಟಿದ್ದ ಮೈಕನ್ನು ಮಾತ್ರ ಕೇಳಿಸಿದಳು. ನಾನು ಬಾರಿಸಲು ಶುರುಮಾಡುವ ಮೊದಲೇ ಅದರಲ್ಲಿ ಒಂದು ಸದ್ದಿತ್ತು. ಮೆತ್ತಗೆ, ನೆಲದೊಳಗಿಂದ. ಟಪ್ ಟಪ್ ಟಪ್, ನಡುವೆ ಬಳೆ. ಕ್ಲಿಕ್ ಇಲ್ಲದ ನನ್ನ ಕಿವಿ ತನಗೇ ತಿಳಿಯದಂತೆ ಗಂಗವ್ವನ ರೊಟ್ಟಿಯನ್ನು ಹಿಡಿದುಕೊಂಡಿತ್ತು. ರೊಟ್ಟಿಯ ವೇಗ ಏರಿದಂತೆ ನನ್ನದೂ ಏರಿತ್ತು. ಒಂದು ಯಂತ್ರವನ್ನು ಕಿತ್ತುಕೊಂಡರೆ ಇನ್ನೊಂದನ್ನು ಹುಡುಕಿಕೊಳ್ಳುವ ಪ್ರಾಣಿ ನಾನು.

"ಕಂಪನಿಯವ್ರು ಹೇಳೋದು ಇಷ್ಟೇ ಸಾರ್. ಇದನ್ನ ಒಂದೇ ಸ್ಪೀಡಿಗೆ ಕೂರಿಸಿ, ಶಿವು ಸಾರ್ ಶ್ರುತಿ ಅಲ್ಲಲ್ಲಿ ಸರಿ ಮಾಡಿಕೊಟ್ರೆ ತಗೋತಾರೆ. ಇಲ್ಲಾಂದ್ರೆ ಇಲ್ಲ."

"ಮಾಡಿ," ಅಂದೆ. ಶಿವುವನ್ನು ಕೇಳದೆಯೇ ಅಂದೆ. ನನ್ನ ತಪ್ಪು ಅಳಿಸಿಹೋದರೆ ಸಾಕಾಗಿತ್ತು. ಅವನ ಕೊನೆಯ ಆಲ್ಬಮನ್ನು ನನ್ನ ಕೈ ಕೆಡಿಸಿತ್ತು, ಮತ್ತು ಇನ್ನೊಂದು ಸಲ ಹಾಡು ಎನ್ನಲು ಸಾಧ್ಯವಿರಲಿಲ್ಲ.

ಅವಳು ಮಾಡಿ ಕೇಳಿಸಿದಳು. ಡ್ರಮ್ಸ್ ಗೆರೆ ಎಳೆದಂತೆ ನೇರವಾಗಿತ್ತು. ಕೊನೆಯ ಸಾಲಿಗೆ ಮುಂಚೆ ಶಿವು ಒಂದು ಉಸಿರು ತೆಗೆದುಕೊಳ್ಳುತ್ತಾನೆ. ಮೊದಲಿನದರಲ್ಲಿ ಅದು ಹರಿದ ಬಟ್ಟೆಯಂಥ ಒಂದು ಗುಟುಕು. ತಿದ್ದಿದ್ದರಲ್ಲಿ ಅದು ಉದ್ದವಾಗಿ, ಊಟ ಮುಗಿಸಿ ಕೂತವನ ನಿಟ್ಟುಸಿರಿನಂತೆ ಆಗಿತ್ತು.

"ಹೇಗಿದೆ ಸಾರ್?"

"ಅಳತೆ ಸರಿಯಾಗಿದೆ," ಅಂದೆ.

ಎರಡನ್ನೂ ಫೋನಿಗೆ ಹಾಕಿಸಿಕೊಂಡು ಶಿವುವಿನ ಮನೆಗೆ ಹೋದೆ. ಕುತ್ತಿಗೆಗೆ ಬಿಳಿಯ ಬಟ್ಟೆ, ಮಡಿಲಲ್ಲಿ ಮಕ್ಕಳ ಮ್ಯಾಜಿಕ್ ಸ್ಲೇಟು. ಬರೆದು, ಕೆಳಗಿನ ಪಟ್ಟಿ ಎಳೆದರೆ ಅಳಿಸಿಹೋಗುತ್ತದಲ್ಲ, ಅದು. ರೊಟ್ಟಿಯ ವಿಷಯವನ್ನೂ ಕಂಪನಿಯ ಷರತ್ತನ್ನೂ ಮೊದಲಿನಿಂದ ಕೊನೆಯವರೆಗೆ ಹೇಳಿದೆ. ತಿದ್ದಿದ್ದನ್ನು ಕೇಳಿಸಿದೆ. ಅರ್ಧ ನಿಮಿಷ ಕೇಳಿ ಬರೆದ:

"ಯಾರಿವನು?"

ಮೊದಲಿನದನ್ನು ಕೇಳಿಸಿದೆ. ಕಣ್ಣು ಮುಚ್ಚಿ ಪೂರ್ತಿ ಕೇಳಿದ. ಬೆರಳು ಮಂಚದ ಅಂಚಿನ ಮೇಲೆ ಓಡುತ್ತಲೇ ಇತ್ತು. ಆಮೇಲೆ ದೊಡ್ಡ ಅಕ್ಷರದಲ್ಲಿ ಬರೆದ: "ಖಾಲಿ ಮಾಡಲ್ಲ."

"ಕಂಪನಿ ತಗೊಳ್ಳಲ್ಲ ಕಣೋ. ಯಾರೂ ಕೇಳಲ್ಲ."

ಅವನು ಅಳಿಸಲೂ ಇಲ್ಲ. ಅದೇ ಸ್ಲೇಟನ್ನು ನನ್ನ ಮುಖದ ಹತ್ತಿರಕ್ಕೆ ಹಿಡಿದ. ನಾನು ಬೇರೆ ಕಡೆ ನೋಡಿದರೆ ಅಲ್ಲಿಗೂ ತಂದು ಹಿಡಿದ.

ಕಂಪನಿ ತೆಗೆದುಕೊಳ್ಳಲಿಲ್ಲ. ನಾವೇ ಬಿಡುಗಡೆ ಮಾಡಿದೆವು. ಆಲ್ಬಮ್ಮಿಗೆ ಶಿವು ಇಟ್ಟ ಹೆಸರು "ಇದ್ದ ಹಾಗೆ". ಬಿಡುಗಡೆಯ ಸಮಾರಂಭ ನಡೆದದ್ದು ಗಂಗವ್ವನ ರೊಟ್ಟಿ ಮನೆಯಲ್ಲಿ, ಒಂದು ಭಾನುವಾರ ಮಧ್ಯಾಹ್ನ. ಮೇಘನಾಳ ಸ್ಪೀಕರನ್ನು ಹಿಟ್ಟಿನ ಡಬ್ಬದ ಮೇಲೆ ಇಟ್ಟಿದ್ದೆವು. ಊಟಕ್ಕೆ ರೊಟ್ಟಿ, ಎಣಗಾಯಿ. ಐದನೇ ಹಾಡು ಬಂದಾಗ ಗಂಗವ್ವ ಬಡಿಸುವ ಕೈ ನಿಲ್ಲಿಸಿದರು.

"ಇದು ನನ್ನ ಬಡಿತ ಅಲ್ಲೇನ್ರಿ ಸರ?"

"ನಿಮ್ದೇ ಗಂಗವ್ವ. ನೀವು ಜೋರು ಮಾಡಿದ್ರಿ, ನಾನು ನಿಮ್ಮ ಹಿಂದೇನೇ ಬಂದ್ಬಿಟ್ಟೆ."

"ನಾ ಎಲ್ಲಿ ಜೋರ್ ಮಾಡೀನ್ರಿ? ಮ್ಯಾಲೆ ನೀವು ಜೋರ್ ಮಾಡಿದ್ರಿ, ನನ್ನ ಕೈ ನಿಮ್ಮ ಹಿಂದ ಓಡ್ತು. ಅವತ್ತಿನ ರೊಟ್ಟಿ ಎಲ್ಲಾ ಹಪ್ಪಳ ಆಗಿದ್ವು. ಪಿಜಿಯಾಂವ ಬೈದಾ ನನಗ."

ನಾನು ಫಯಾಜನನ್ನು ನೋಡಿದೆ. "ನನ್ನ ನೋಡ್ಬೇಡ ಗುರು," ಅಂದ ಅವನು, ಬಾಯಿತುಂಬ ರೊಟ್ಟಿ. "ಮುಂದಿನ ಗಾಡಿ ಹೋದಂಗೆ ಹೋಗೋನು ನಾನು. ಇಪ್ಪತ್ತೈದು ವರ್ಷ ಹಾರ್ನ್ ಹೊಡೆದಿದೀನಾ?"

ಉಳಿದವನು ಒಬ್ಬನೇ. ಶಿವು ಆಗಲೇ ಸ್ಲೇಟಿನ ಮೇಲೆ ಬರೆಯುತ್ತಿದ್ದ. ಆವತ್ತಿನದೇ ತುಂಟ ನಗು.

"ನಾನೇ ಮುಂದಕ್ಕೆ ಎಳೆದೆ. ಇಪ್ಪತ್ತೈದು ವರ್ಷ ನಿನ್ನ ಸ್ಪೀಡಲ್ಲಿ ಹಾಡಿದ್ದು ಸಾಕಾಗಿತ್ತು."

ಅಂದರೆ ಅವನು ದನಿಯಿಂದ ಎಳೆದಿದ್ದ, ಗಂಗವ್ವ ನಮ್ಮ ಹಿಂದೆ ಓಡಿದ್ದರು, ನಾನು ಗಂಗವ್ವನ ಹಿಂದೆ. ಇಲ್ಲ, ಹಾಗೂ ಅಲ್ಲ. ಗಂಗವ್ವ ಹೇಳಿದ್ದು ಸರಿಯಾದರೆ ನಾನು ಮೊದಲು. ಮೇಘನಾಳ ಮೈಕು ಹೇಳಿದ್ದು ಸರಿಯಾದರೆ ರೊಟ್ಟಿ ಮೊದಲು. ಮೂರು ರೀಡಿಂಗ್, ಮೂರೂ ಬೇರೆ. ಕೆಲಸಕ್ಕೆ ಸೇರಿದ ಮೇಲೆ ಮೊದಲ ಸಲ ನಾನು ಸರಾಸರಿ ತೆಗೆಯಲಿಲ್ಲ. ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.

ಮೂರು ಕೌದಿಗಳಿಗೆ ಗಂಗವ್ವ ತೇಪೆ ಹಾಕಿದರು. ನನ್ನ ಬೆನ್ನ ಹಿಂದೆ ಇದ್ದದ್ದನ್ನು ತೇಪೆ ಹಾಕದೆ ಇದ್ದ ಹಾಗೇ ಕೊಡಿ ಎಂದು ನಾನು ಕೇಳಿ ಇಸಕೊಂಡೆ. ಅವರವ್ವನ ಸೀರೆ ಇರುವ ಕೌದಿ ಅದು. ಕೊಡುತ್ತಾರೆಂದು ನಾನು ಅಂದುಕೊಂಡಿರಲಿಲ್ಲ.

ಆಲ್ಬಮ್ ಕೇಳಿದ ಒಬ್ಬರು ಇಂಟರ್ನೆಟ್ಟಿನಲ್ಲಿ ಬರೆದಿದ್ದರು, ಐದನೇ ಹಾಡಿನಲ್ಲಿ ಡ್ರಮ್ಮರ್‌ಗೆ ತಾಳವೇ ಗೊತ್ತಿಲ್ಲ ಎಂದು. ನಾನು ಅದರ ಕೆಳಗೆ ನನ್ನ ಹೆಸರು ಹಾಕಿ ಉತ್ತರ ಬರೆದೆ: ಎಂಬತ್ತನಾಲ್ಕರಿಂದ ನೂರಹದಿನೇಳು, ಮೂರು ಸಲ ಅಳೆದಿದ್ದೇನೆ, ತಿದ್ದುವುದಿಲ್ಲ.

ಈಗ ಭಾನುವಾರ ಸಂಜೆ ಶಿವು ಮತ್ತು ನಾನು ಮಲ್ಲತ್ತಹಳ್ಳಿ ಕೆರೆಯ ಸುತ್ತ ನಡೆಯುತ್ತೇವೆ. ನಾನು ಎಣಿಸಿಕೊಂಡೇ ನಡೆಯುತ್ತೇನೆ, ಅದು ಹೋಗುವ ಚಟವಲ್ಲ. ಅವನು ಇಪ್ಪತ್ತು ಗಜ ಮುಂದೆ ಹೋಗಿಬಿಡುತ್ತಾನೆ. ಕೂಗಿ ಕರೆಯಲಾರ. ತಿರುಗಿ ನಿಂತು ಚಪ್ಪಾಳೆ ತಟ್ಟುತ್ತಾನೆ, ನನ್ನ ಹೆಜ್ಜೆಗಿಂತ ಸ್ವಲ್ಪ ವೇಗವಾಗಿ. ನಡೆಯಲು ಬಂದ ಜನ ತಿರುಗಿ ನೋಡುತ್ತಾರೆ. ನೋಡಲಿ. ನಾನು ಎಣಿಸುವುದನ್ನು ಬಿಟ್ಟು ಓಡುತ್ತೇನೆ.